ಬಿಗೋನಿಯಾ ಎಲೆಯಲ್ಲಿ ಎಣ್ಣೆ ಚುಕ್ಕೆ: ಔಷಧಿಗಿಂತ ಮೊದಲು ನೀರಿನ ಮಗ್ ನೋಡಿ

ಹೊಸಪೇಟೆಯಲ್ಲಿ ಬಿಗೋನಿಯಾ ಬೆಳೆಸೋದು ಸ್ವಲ್ಪ ಹಟದ ಕೆಲಸ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುವ ಊರು ಇದು. ಗಿಡ ಕೇಳೋದು ನೆರಳು, ತಂಪು, ಹದವಾದ ತೇವ. ಆದರೂ ಬಾಲ್ಕನಿಯ ಒಳಮೂಲೆಯಲ್ಲಿ, ಅಡುಗೆಮನೆ ಕಿಟಕಿಯಲ್ಲಿ, ಹಸಿರು ನೆಟ್ ಕಟ್ಟಿ, ಹೇಗೋ ಬೇಸಿಗೆ ದಾಟಿಸಿರ್ತೀರಿ. ಮಳೆ ಬೀಳುತ್ತೆ, ಗಿಡ ಹೊಸ ಎಲೆ ಬಿಡುತ್ತೆ, ನೀವು ಫೋಟೊ ಹಾಕ್ತೀರಿ. ಅದಾಗಿ ಎರಡು ವಾರಕ್ಕೆ ಎಲೆಯ ಮೇಲೆ ಚುಕ್ಕೆ. ಮತ್ತೆರಡು ವಾರಕ್ಕೆ ಎಲೆಗಳೆಲ್ಲ ಉದುರಿ ಕಡ್ಡಿ ಮಾತ್ರ ಉಳಿಯುತ್ತೆ.

ಬಿಸಿಲಿಗೆ ಸಾಯದ ಗಿಡ ಮಳೆಗಾಲದಲ್ಲಿ ಯಾಕೆ ಸಾಯುತ್ತೆ? ಹೆಚ್ಚಿನ ಸಲ ಕಾರಣ ಒಂದು ಬ್ಯಾಕ್ಟೀರಿಯಾ. ನಮ್ಮ ರೈತರು ದುಂಡಾಣು ಅಂತಾರೆ. ಅದರ ಹೆಸರು ಕ್ಸಾಂಥೊಮೊನಾಸ್. ಗ್ರೀಕ್ ಭಾಷೆಯಲ್ಲಿ ಕ್ಸಾಂಥೋಸ್ ಅಂದ್ರೆ ಹಳದಿ. ಪ್ರಯೋಗಾಲಯದಲ್ಲಿ ಬೆಳೆಸಿದರೆ ಇದು ಹಳದಿ ಲೋಳೆಯಾಗಿ ಕಾಣುತ್ತೆ. ಆ ಲೋಳೆ ನಿಮಗೆ ಪರಿಚಯದ್ದೇ. ಐಸ್‌ಕ್ರೀಂ, ಸಾಸ್ ಡಬ್ಬಿಯ ಹಿಂದೆ 415 ಅಂತ ಒಂದು ನಂಬರ್ ಇರುತ್ತಲ್ಲ, ಅದು ಕ್ಸಾಂಥಾನ್ ಗಮ್. ಇದೇ ಮನೆತನದ ಇನ್ನೊಂದು ಬ್ಯಾಕ್ಟೀರಿಯಾದಿಂದ ತಯಾರಾಗುವ ಅಂಟು. ಹೊಟ್ಟೆಗೆ ಏನೂ ಮಾಡಲ್ಲ, ಹೆದರಬೇಡಿ. ಆದರೆ ಎಲೆಯೊಳಗೆ ಇಂಥದ್ದೇ ಅಂಟು ತುಂಬಿಕೊಂಡರೆ ನೀರು ಹರಿಯುವ ನಾಳಗಳು ಕಟ್ಟಿಕೊಳ್ಳುತ್ತವೆ. ಗಿಡಕ್ಕೆ ಬಾಯಾರಿ ಎಲೆ ಬಾಡುತ್ತೆ. ನಾವು ನೀರು ಕಡಿಮೆಯಾಯಿತು ಅಂದ್ಕೊಂಡು ಇನ್ನೊಂದು ಮಗ್ ಸುರೀತೀವಿ. ಗಿಡದ ಗ್ರಹಚಾರ ಶುರುವಾಗೋದು ಅಲ್ಲೇ.

ಎಲೆಯ ಹಿಂಬದಿ ನೋಡಿ

ಎಲೆ ಮೇಲೆ ಚುಕ್ಕೆ ಬಿದ್ದ ತಕ್ಷಣ ರೋಗ ಅಂದ್ಕೊಳ್ಳೋದು ಬೇಡ. ನಮ್ಮ ಕಡೆ ಬಿಗೋನಿಯಾ ಎಲೆ ಹಾಳಾಗೋಕೆ ಮೊದಲ ಕಾರಣ ಬಿಸಿಲು. ಮಧ್ಯಾಹ್ನದ ಬಿಸಿಲು ಬಿದ್ದ ಕಡೆ ಮಾತ್ರ ಎಲೆ ಒಣಗಿ, ಕಾಗದದ ಹಾಗೆ ಗರಿಗರಿಯಾಗಿದ್ದರೆ, ನೆರಳಲ್ಲಿರುವ ಎಲೆಗಳು ಚೆನ್ನಾಗಿದ್ದರೆ, ಅದು ಸುಟ್ಟ ಗಾಯ. ಕುಂಡವನ್ನು ಎರಡಡಿ ಹಿಂದಕ್ಕೆ ಸರಿಸಿದರೆ ಮುಗೀತು. ಎಲೆ ಮೇಲೆ ಹಿಟ್ಟು ಚೆಲ್ಲಿದಂತೆ ಬಿಳಿ ಪುಡಿ ಕಂಡರೆ ಅದು ಬೂದಿ ರೋಗ, ಅಂದ್ರೆ ಶಿಲೀಂಧ್ರ. ಅದಕ್ಕೆ ಉಪಚಾರವೇ ಬೇರೆ.

ದುಂಡಾಣು ರೋಗದ ಚುಕ್ಕೆ ಮೊದಲು ಕಾಣೋದು ಎಲೆಯ ಹಿಂಬದಿಯಲ್ಲಿ. ಎಲೆ ಕೀಳದೆ, ಹಾಗೇ ಮಗುಚಿ, ಬೆಳಕಿಗೆ ಹಿಡಿದು ನೋಡಿ. ಬೋಂಡಾ ಇಟ್ಟ ಪೇಪರಿನ ಮೇಲೆ ಎಣ್ಣೆ ಕಲೆ ಬಿದ್ದರೆ ಬೆಳಕು ದಾಟಿ ಬರುತ್ತಲ್ಲ, ಹಾಗೇ ಸಣ್ಣ ಸಣ್ಣ ಪಾರದರ್ಶಕ ಚುಕ್ಕೆ. ಕೆಲವು ದಿನದಲ್ಲಿ ಅವು ಕಂದು ಬಣ್ಣಕ್ಕೆ ತಿರುಗಿ, ಸುತ್ತಲೂ ಹಳದಿ ಉಂಗುರ ಕಟ್ಟುತ್ತವೆ. ಕೆಲವು ಎಲೆಗಳಲ್ಲಿ ರೋಗ ಅಂಚಿನಿಂದ ಒಳಗೆ ಬರುತ್ತೆ, ಇಂಗ್ಲಿಷಿನ ವಿ ಆಕಾರದಲ್ಲಿ. ಬೆಳಗಿನ ಹೊತ್ತು ಬಿಗೋನಿಯಾ ಎಲೆಯ ಅಂಚಿನಲ್ಲಿ ನೀರಿನ ಹನಿ ನಿಂತಿರೋದನ್ನು ಗಮನಿಸಿರಬಹುದು. ಗಿಡ ತಾನೇ ನೀರು ಹೊರಹಾಕುವ ಕಿಂಡಿಗಳು ಅಲ್ಲಿವೆ. ಬ್ಯಾಕ್ಟೀರಿಯಾ ಒಳಗೆ ನುಗ್ಗೋಕೂ ಅದೇ ಬಾಗಿಲು.

ಎಲೆಯಲ್ಲಷ್ಟೇ ಇದ್ದರೆ ಗಿಡ ಉಳಿಸಬಹುದು. ಕಾಂಡಕ್ಕೆ ಇಳಿದರೆ ಕಷ್ಟ. ಎಲೆಯ ತೊಟ್ಟು, ಕಾಂಡ ನೀರು ತುಂಬಿದಂತೆ ಮೆತ್ತಗಾಗಿ, ಮುರಿದಾಗ ಹಳದಿ ಲೋಳೆ ಒಸರಿದರೆ ಆ ಗಿಡದ ಆಸೆ ಬಿಡಿ.

ಕಂಪ್ಲಿಯ ಗದ್ದೆ, ಕುಷ್ಟಗಿಯ ದಾಳಿಂಬೆ

ಕುಂಡದ ಗಿಡಕ್ಕೆ ಇಷ್ಟೊಂದು ಯಾಕೆ ಅಂತ ಅನ್ನಿಸಬಹುದು. ಹಾಗಿದ್ರೆ ಕಂಪ್ಲಿ ಕಡೆ ಭತ್ತ ಬೆಳೆಯುವ ನಿಮ್ಮ ಚಿಕ್ಕಪ್ಪನನ್ನೋ ಮಾವನನ್ನೋ ಕೇಳಿ ನೋಡಿ. ಭತ್ತದ ದುಂಡಾಣು ಎಲೆ ಅಂಗಮಾರಿ ರೋಗಕ್ಕೆ ಕಾರಣ ಇದೇ ಕ್ಸಾಂಥೊಮೊನಾಸ್ ಕುಲದ ಇನ್ನೊಂದು ಬ್ಯಾಕ್ಟೀರಿಯಾ. ಗಾಳಿ ಮಳೆ ಜೋರಾಗಿ ಬೀಸಿ ಎಲೆಗೆ ಎಲೆ ಉಜ್ಜಿ ಗೀರು ಬಿದ್ದ ಮೇಲೆ, ತುದಿಯಿಂದ ಕೆಳಕ್ಕೆ ಎಲೆ ಹುಲ್ಲಿನ ಬಣ್ಣಕ್ಕೆ ತಿರುಗುತ್ತೆ. ಕಾಲುವೆ ನೀರು ಒಂದು ಗದ್ದೆಯಿಂದ ಇನ್ನೊಂದಕ್ಕೆ ಹರಿಯುತ್ತಲ್ಲ, ರೋಗವೂ ಅದರ ಜೊತೆಗೇ ಹೋಗುತ್ತೆ. ಯೂರಿಯಾ ಜಾಸ್ತಿ ಹಾಕಿ ಪೈರು ಕಪ್ಪು ಹಸಿರಾದ ಗದ್ದೆಗೆ ಮೊದಲು ಬೀಳುತ್ತೆ.

ರೈತರು ಇದನ್ನು ಪತ್ತೆ ಹಚ್ಚುವ ಒಂದು ಸುಲಭದ ಪರೀಕ್ಷೆ ಇದೆ. ರೋಗ ಬಿದ್ದ ಎಲೆಯ ತುಂಡು ಕತ್ತರಿಸಿ ಗಾಜಿನ ಲೋಟದ ತಿಳಿನೀರಲ್ಲಿ ನಿಲ್ಲಿಸೋದು. ಸ್ವಲ್ಪ ಹೊತ್ತಿಗೆ ಕತ್ತರಿಸಿದ ಕಡೆಯಿಂದ ಹಾಲಿನಂಥ ಎಳೆ ನೀರಿಗೆ ಇಳಿಯುತ್ತೆ. ಅದು ಬ್ಯಾಕ್ಟೀರಿಯಾದ ಮೆರವಣಿಗೆ. ಬಿಗೋನಿಯಾದ ಬಾಡಿದ ಕಾಂಡದಲ್ಲೂ ಪ್ರಯತ್ನಿಸಬಹುದು, ಆದರೆ ಭತ್ತದಷ್ಟು ಸ್ಪಷ್ಟವಾಗಿ ಕಾಣದಿದ್ದರೆ ರೋಗ ಇಲ್ಲ ಅಂತ ತೀರ್ಮಾನಿಸಬೇಡಿ.

ಭತ್ತದಲ್ಲಿ ಈ ರೋಗಕ್ಕೆ ಗಟ್ಟಿ ಉತ್ತರ ಸಿಕ್ಕಿದ್ದು ಔಷಧಿಯಿಂದಲ್ಲ, ತಳಿಯಿಂದ. ನಾವು ಪ್ರೀತಿಯಿಂದ ಉಣ್ಣುವ ಬಿಪಿಟಿ 5204, ಅಂದ್ರೆ ಸಾಂಬಾ ಮಸೂರಿ, ಈ ರೋಗಕ್ಕೆ ಬೇಗ ತುತ್ತಾಗುವ ತಳಿ. ಹೈದರಾಬಾದಿನ ಸಿಸಿಎಂಬಿ ಮತ್ತು ಅಲ್ಲಿನ ಭತ್ತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಸೇರಿ ಅದಕ್ಕೆ ಮೂರು ನಿರೋಧಕ ಜೀನ್‌ಗಳನ್ನು ತಳಿ ಸಂಕರದ ಮೂಲಕ ಸೇರಿಸಿದರು. ಸುಧಾರಿತ ಸಾಂಬಾ ಮಸೂರಿ ಅನ್ನೋ ಹೆಸರಲ್ಲಿ ಅದು 2008ರಲ್ಲಿ ಬಿಡುಗಡೆಯಾಯಿತು.

ದಾಳಿಂಬೆಯ ಕಥೆ ಇಷ್ಟು ಸುಖದ್ದಲ್ಲ. ದಾಳಿಂಬೆಯ ದುಂಡಾಣು ಅಂಗಮಾರಿ ಭಾರತದಲ್ಲಿ ಮೊದಲು ವರದಿಯಾದದ್ದು 1952ರಲ್ಲಿ, ದೆಹಲಿಯಲ್ಲಿ. 2000ದ ದಶಕದಲ್ಲಿ ಅದು ವಿಜಯಪುರ, ಬಾಗಲಕೋಟೆ, ಕೊಪ್ಪಳ, ಬಳ್ಳಾರಿ ಭಾಗದ ತೋಟಗಳಿಗೆ ನುಗ್ಗಿತು. ಹಣ್ಣಿನ ಮೇಲೆ ಎಣ್ಣೆ ಹಚ್ಚಿದಂಥ ಕಪ್ಪು ಕಲೆ, ಆಮೇಲೆ ನಡುವೆ ಬಿರುಕು. ಮಹಾರಾಷ್ಟ್ರದ ರೈತರು ಇದಕ್ಕೆ ತೇಲ್ಯಾ, ಅಂದ್ರೆ ಎಣ್ಣೆ ರೋಗ ಅಂತಲೇ ಹೆಸರಿಟ್ಟರು. ಕುಷ್ಟಗಿ ಕಡೆ ಹೋದರೆ, ದಾಳಿಂಬೆ ಕಿತ್ತು ಹಾಕಿ ಬೇರೆ ಬೆಳೆಗೆ ಹೋದವರು ಈಗಲೂ ಮಾತಿಗೆ ಸಿಗ್ತಾರೆ. ಈ ರೋಗ ಊರಿಂದ ಊರಿಗೆ ಹೋದ ದಾರಿಗಳಲ್ಲಿ ಮುಖ್ಯವಾದದ್ದು ರೋಗ ಇದ್ದ ಗಿಡದಿಂದ ಕಟ್ಟಿದ ಸಸಿ. ನೋಡೋಕೆ ಆರೋಗ್ಯವಾಗಿತ್ತು, ಒಳಗೆ ಬ್ಯಾಕ್ಟೀರಿಯಾ ಇತ್ತು. ಗೆದ್ದ ರೈತರು ಮಾಡಿದ್ದು ಏನಂದ್ರೆ, ಮಳೆಗಾಲದ ಫಸಲಿನ ಆಸೆ ಬಿಟ್ಟು ಹಸ್ತ ಬಹಾರ್ ಹಿಡಿದರು, ಚಾಟ್ನಿ ಮಾಡುವ ಕತ್ತರಿಯನ್ನು ಗಿಡದಿಂದ ಗಿಡಕ್ಕೆ ಔಷಧಿ ನೀರಲ್ಲಿ ಅದ್ದಿದರು, ಉದುರಿದ ಎಲೆ, ಹಣ್ಣು ಆರಿಸಿ ತೋಟದ ಹೊರಗೆ ಸುಟ್ಟರು.

ಒಂದು ಸಮಾಧಾನ ಏನಂದ್ರೆ, ಭತ್ತದ ಬ್ಯಾಕ್ಟೀರಿಯಾ ಬಿಗೋನಿಯಾಕ್ಕೆ ಬರಲ್ಲ, ಬಿಗೋನಿಯಾದ್ದು ದಾಳಿಂಬೆಗೆ ಹೋಗಲ್ಲ. ಪಕ್ಕದಲ್ಲಿರುವ ತುಳಸಿಗೂ ಹತ್ತಲ್ಲ. ಒಂದೊಂದಕ್ಕೂ ತನ್ನದೇ ಗಿಡ. ನಿಮಗೆ, ಮಕ್ಕಳಿಗೆ, ಬೆಕ್ಕಿಗೆ ಇದರಿಂದ ಸೋಂಕಿಲ್ಲ. ಆದರೆ ನಿಮ್ಮ ಉಳಿದ ಬಿಗೋನಿಯಾಗಳಿಗೆ, ಹೌದು, ಹತ್ತುತ್ತೆ.

ಧೂಳು ಒರೆಸುವ ಬಟ್ಟೆ

ಸಂಡೂರಿನ ಓದುಗರಿಗೆ ಒಂದು ಮಾತು. 1934ರಲ್ಲಿ ಬಂದಿದ್ದ ಗಾಂಧೀಜಿ ಸೆಪ್ಟೆಂಬರಿನಲ್ಲಿ ಸಂಡೂರು ನೋಡಬೇಕು ಅಂದಿದ್ದರು ಅಂತ ನಿಮ್ಮೂರಲ್ಲಿ ಎಲ್ಲರೂ ಹೇಳ್ತಾರೆ. ಗುಡ್ಡ ಹಸಿರಾಗಿರುವ ಆ ತಿಂಗಳೇ ಈ ರೋಗಕ್ಕೂ ಇಷ್ಟ. ಹಗಲು ಬೆಚ್ಚಗೆ, ರಾತ್ರಿ ತೇವ, ಎಲೆ ಒಣಗೋಕೆ ಮಧ್ಯಾಹ್ನ ಆಗಬೇಕು. ಅದರ ಮೇಲೆ ಅದಿರಿನ ಲಾರಿಗಳ ಕೆಂಪು ಧೂಳು. ರೆಕ್ಸ್ ಬಿಗೋನಿಯಾದ ಬೆಳ್ಳಿ ಬಣ್ಣದ ಎಲೆ ಮೇಲೆ ಕೆಂಪು ಪದರ ಕೂತರೆ ಯಾರಿಗೆ ತಾನೇ ಒರೆಸಬೇಕು ಅನ್ನಿಸಲ್ಲ? ಒಂದು ಒದ್ದೆ ಬಟ್ಟೆ ತಗೊಂಡು ಹತ್ತು ಕುಂಡದ ಎಲೆಗಳನ್ನು ಒಂದೇ ಸಲಕ್ಕೆ ಒರೆಸ್ತಾರೆ. ಮೊದಲ ಗಿಡದಲ್ಲಿ ರೋಗ ಇದ್ದರೆ ಹತ್ತಕ್ಕೂ ಹಂಚಿದ ಹಾಗೆ. ಕೂದಲು ಇರುವ ಎಲೆಯ ಮೇಲೆ ಒರೆಸಿದರೆ ಗೀರೂ ಬೀಳುತ್ತೆ. ಒಣ, ಮೆತ್ತನೆಯ ಬ್ರಷ್ ಸಾಕು, ಪೇಂಟ್ ಹಚ್ಚುವ ಒಂದಿಂಚಿನ ಬ್ರಷ್ ಇರುತ್ತಲ್ಲ, ಅದು. ಚುಕ್ಕೆ ಇರುವ ಗಿಡವನ್ನು ಮುಟ್ಟೋದು ಕೊನೆಗೆ.

ಹಂಪಿ, ಕಮಲಾಪುರ, ಆನೆಗೊಂದಿ ಕಡೆಯ ಹೋಂಸ್ಟೇಗಳಲ್ಲಿ ಬೇರೆ ಅಭ್ಯಾಸ. ಬೆಳಿಗ್ಗೆ ಪೈಪ್ ಹಿಡಿದು ಸಾಲು ಕುಂಡಗಳ ಮೇಲೆ ಮಳೆ ಸುರಿಸೋದು. ಅತಿಥಿಗಳಿಗೆ ಫೋಟೊ ಚೆನ್ನಾಗಿ ಬರುತ್ತೆ, ಎಲೆ ಫಳಫಳ ಅನ್ನುತ್ತೆ. ಆದರೆ ಒಂದು ಎಲೆಯಿಂದ ಚಿಮ್ಮಿದ ಹನಿ ಪಕ್ಕದ ಕುಂಡದ ಎಲೆ ಮೇಲೆ ಬೀಳುತ್ತೆ. ಈ ಬ್ಯಾಕ್ಟೀರಿಯಾಕ್ಕೆ ರೆಕ್ಕೆ ಇಲ್ಲ, ಕಾಲಿಲ್ಲ. ಅದು ಪ್ರಯಾಣ ಮಾಡೋದು ಚಿಮ್ಮುವ ನೀರಲ್ಲಿ, ನಮ್ಮ ಕೈಯಲ್ಲಿ, ನಮ್ಮ ಕತ್ತರಿಯಲ್ಲಿ.

ಹಾಗಾಗಿ ನೀರು ಬುಡಕ್ಕೆ. ಉದ್ದ ಮೂತಿಯ ಕ್ಯಾನ್ ಇಲ್ಲದಿದ್ದರೆ ಹಳೇ ನೀರಿನ ಬಾಟಲಿ ಸಾಕು, ಮುಚ್ಚಳಕ್ಕೆ ತೂತು ಮಾಡಿ ಎಲೆಯ ಕೆಳಗಿಂದ ಮಣ್ಣಿಗೆ ಹಾಕಿ. ಸಾಧ್ಯವಾದರೆ ಬೆಳಿಗ್ಗೆ. ತೋರಣಗಲ್ಲಿನಲ್ಲಿ ಶಿಫ್ಟ್ ಮುಗಿಸಿ ರಾತ್ರಿ ಹತ್ತಕ್ಕೆ ಮನೆ ಸೇರುವವರಿಗೆ ಇದು ಕಷ್ಟ, ಗೊತ್ತು. ಆಗ ತಟ್ಟೆಗೆ ನೀರು ಹಾಕಿ, ಅರ್ಧ ಗಂಟೆ ಮಣ್ಣು ಕುಡಿದ ಮೇಲೆ ಉಳಿದದ್ದನ್ನು ಚೆಲ್ಲಿ. ಒಂದೇ ದೊಡ್ಡ ಟ್ರೇನಲ್ಲಿ ಎಂಟು ಕುಂಡ ಇಟ್ಟು ನೀರು ತುಂಬಿಸಬೇಡಿ. ಅದು ಕಂಪ್ಲಿಯ ಗದ್ದೆಯಿಂದ ಗದ್ದೆಗೆ ಹರಿಯುವ ನೀರಿನ ಕಥೆಯೇ, ಟೈಲ್ಸ್ ಮೇಲೆ. ಕುಂಡಗಳ ನಡುವೆ ಎಲೆಗೆ ಎಲೆ ತಾಗದಷ್ಟು ಜಾಗ ಇರಲಿ. ಮಳೆಗಾಲದಲ್ಲಿ ಒಳಗಿಟ್ಟ ಗಿಡಗಳಿಗೆ ಫ್ಯಾನಿನ ಗಾಳಿ ನಿಧಾನಕ್ಕೆ ಆಡಿದರೆ ಎಲೆ ಬೇಗ ಒಣಗುತ್ತೆ. ಆರ್ದ್ರತೆ ಬೇಕು ಅಂತ ದಿನಾ ಎಲೆ ಮೇಲೆ ಸ್ಪ್ರೇ ಬಾಟಲಿ ಹೊಡೆಯುವ ಅಭ್ಯಾಸ ಇದ್ದರೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಆ ಬಾಟಲಿ ಕಪಾಟಲ್ಲಿರಲಿ. ಯೂರಿಯಾ, ಸಾರಜನಕ ಜಾಸ್ತಿ ಇರುವ ಗೊಬ್ಬರವೂ ಅಷ್ಟೇ, ಆ ತಿಂಗಳುಗಳಲ್ಲಿ ಕೈ ಬಿಗಿ ಹಿಡಿಯಿರಿ. ಮೆತ್ತನೆಯ ಸೊಂಪು ಎಲೆ ರೋಗಕ್ಕೆ ಸಲೀಸು.

ಚುಕ್ಕೆ ಬಿದ್ದಾಯ್ತು, ಈಗೇನು?

ಮೊದಲು ಆ ಕುಂಡವನ್ನು ಬೇರೆ ಕಡೆ ಇಡಿ. ಇನ್ನೊಂದು ಕೋಣೆಯಾದರೆ ಉತ್ತಮ. ಗಿಡ ಪೂರ್ತಿ ಒಣಗಿರುವ ಹೊತ್ತಲ್ಲಿ, ಚುಕ್ಕೆ ಇರುವ ಎಲೆಗಳನ್ನು ತೊಟ್ಟಿನ ಸಮೇತ ಕತ್ತರಿಸಿ. ಒದ್ದೆ ಎಲೆ ಮುಟ್ಟಬೇಡಿ, ಕೈ ತುಂಬ ಹತ್ತುತ್ತೆ. ಪ್ರತಿ ಕತ್ತರಿಕೆ ಆದ ಮೇಲೂ ಕತ್ತರಿಯನ್ನು ಸ್ಯಾನಿಟೈಸರ್ ಅಥವಾ ಸರ್ಜಿಕಲ್ ಸ್ಪಿರಿಟ್ಟಿನಲ್ಲಿ ಒರೆಸಿ. ಕೊರೊನಾ ಕಾಲದ ಬಾಟಲಿ ಇನ್ನೂ ಡ್ರಾಯರ್‌ನಲ್ಲಿ ಬಿದ್ದಿದ್ದರೆ ಅದು ಉಪಯೋಗಕ್ಕೆ ಬರುವ ದಿನ ಇದು; ಎಕ್ಸ್‌ಪೈರಿ ದಿನಾಂಕ ಮಾತ್ರ ನೋಡ್ಕೊಳ್ಳಿ. ಕತ್ತರಿಸಿದ ಎಲೆ, ಮಣ್ಣ ಮೇಲೆ ಉದುರಿದ ಎಲೆ, ಹೂವು, ಎಲ್ಲವನ್ನೂ ಕವರಿಗೆ ಹಾಕಿ ಕಟ್ಟಿ ಕಸದ ಗಾಡಿಗೆ ಕೊಡಿ. ಮನೆಯ ಕಾಂಪೋಸ್ಟ್ ಡಬ್ಬಿಗೆ ಹಾಕಬೇಡಿ. ಒಣಗಿದ ಎಲೆಯಲ್ಲೂ ಈ ಬ್ಯಾಕ್ಟೀರಿಯಾ ತಿಂಗಳುಗಟ್ಟಲೆ ಬದುಕಿರುತ್ತೆ.

ಆಮೇಲೆ ತಾಮ್ರ. ಸಸ್ಯರೋಗಕ್ಕೆ ಮನುಷ್ಯ ಬಳಸಿದ ಹಳೆಯ ಔಷಧಿಗಳಲ್ಲಿ ಒಂದು ಇದು. 1880ರ ದಶಕದಲ್ಲಿ ಫ್ರಾನ್ಸಿನ ಬೋರ್ಡೊ ಪ್ರಾಂತ್ಯದ ದ್ರಾಕ್ಷಿ ತೋಟಗಳಲ್ಲಿ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣ ಬಳಕೆಗೆ ಬಂತು. ಇವತ್ತಿಗೂ ಮಲೆನಾಡಿನ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಸಿಂಪಡಿಸೋದು ಅದೇ ಬೋರ್ಡೊ ದ್ರಾವಣ. ಕುಂಡದ ಗಿಡಕ್ಕೆ ಅಷ್ಟು ಕಷ್ಟ ಬೇಡ, ಗೊಬ್ಬರದಂಗಡಿಯಲ್ಲಿ ಕಾಪರ್ ಆಕ್ಸಿಕ್ಲೋರೈಡ್ ಪುಡಿ ಸಿಗುತ್ತೆ. ಪ್ಯಾಕೆಟ್ ಮೇಲೆ ಹೇಳಿದ ಪ್ರಮಾಣ ಮೀರಬೇಡಿ. ಬಿಗೋನಿಯಾದ ಎಲೆ ನಾಜೂಕು, ತಾಮ್ರ ಜಾಸ್ತಿಯಾದರೆ ಅದೇ ಸುಟ್ಟು ಕಲೆ ಮಾಡುತ್ತೆ. ಮೊದಲು ಒಂದೇ ಎಲೆಗೆ ಹಾಕಿ, ಮೂರು ದಿನ ನೋಡಿ, ಆಮೇಲೆ ಉಳಿದದ್ದಕ್ಕೆ. ಸಂಜೆ ತಂಪಾದ ಮೇಲೆ, ಕೈಗೆ ಗ್ಲೌಸ್, ಮೂಗಿಗೆ ಮಾಸ್ಕ್ ಹಾಕಿ, ಮಕ್ಕಳನ್ನು ದೂರ ಕಳಿಸಿ. ಎಲೆಗೆ ನೀರು ಬೀಳಬಾರದು ಅಂದೆ, ನಿಜ, ಇದೊಂದಕ್ಕೆ ವಿನಾಯಿತಿ. ಸಿಂಪಡಿಸಿದ ಮೇಲೆ ಫ್ಯಾನ್ ಹಾಕಿ ಬೇಗ ಒಣಗಿಸಿ.

ತಾಮ್ರ ಮಾಡೋದು ಕಾವಲು ಕೆಲಸ. ಚುಕ್ಕೆ ಬಿದ್ದ ಎಲೆಯನ್ನು ಅದು ವಾಸಿ ಮಾಡಲ್ಲ, ಚೆನ್ನಾಗಿರುವ ಎಲೆಯೊಳಗೆ ಬ್ಯಾಕ್ಟೀರಿಯಾ ಇಳಿಯದಂತೆ ತಡೆಯುತ್ತೆ, ಅಷ್ಟೇ. ಕತ್ತರಿಸದೆ, ನೀರಿನ ಅಭ್ಯಾಸ ಬದಲಿಸದೆ ತಾಮ್ರ ಮಾತ್ರ ಹೊಡೆದರೆ ದುಡ್ಡು ದಂಡ. ಬೇವಿನೆಣ್ಣೆ ಹುಳಕ್ಕೆ ಒಳ್ಳೇದು, ಇದಕ್ಕಲ್ಲ. ಅಡುಗೆ ಸೋಡಾ ಬೂದಿ ರೋಗಕ್ಕೆ ಸ್ವಲ್ಪ ಮಟ್ಟಿಗೆ ಕೆಲಸ ಮಾಡಬಹುದು, ಇದಕ್ಕಲ್ಲ. ರೀಲ್ಸ್‌ನಲ್ಲಿ ಬರುವ ದಾಲ್ಚಿನ್ನಿ ಪುಡಿಯನ್ನು ಪಲಾವ್‌ಗೆ ಉಳಿಸಿಕೊಳ್ಳಿ.

ಆ ಸಣ್ಣ ಪೊಟ್ಟಣ ಬೇಡ

ಔಷಧಿ ಅಂಗಡಿಯ ಕೌಂಟರಿನಲ್ಲಿ ನೀವು ಫೋಟೊ ತೋರಿಸಿದರೆ ಈ ಸಲಹೆ ಬರುವ ಸಾಧ್ಯತೆ ಇದೆ: “ಇದನ್ನ ನೀರಿಗೆ ಹಾಕಿ ಹೊಡೀರಿ ಮೇಡಂ, ವಾರದಾಗ ಸರಿ ಆಗ್ತೈತಿ.” ಕೈಗೆ ಬರೋದು 6 ಗ್ರಾಮಿನ ಸಣ್ಣ ಪೊಟ್ಟಣ, ಸ್ಟ್ರೆಪ್ಟೊಸೈಕ್ಲಿನ್. ದಾಳಿಂಬೆ, ಭತ್ತ, ನಿಂಬೆ ಬೆಳೆಯುವವರು ದಶಕಗಳ ಕಾಲ ಬಳಸಿದ ಪುಡಿ ಇದು. ಅದರಲ್ಲಿ ಇರೋದು ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್. ಎರಡೂ ಮನುಷ್ಯರಿಗೆ ಕೊಡುವ ಆ್ಯಂಟಿಬಯಾಟಿಕ್.

1943ರಲ್ಲಿ ಅಮೆರಿಕದ ಒಂದು ಪ್ರಯೋಗಾಲಯದಲ್ಲಿ ಮಣ್ಣಿನ ಸೂಕ್ಷ್ಮಾಣುವಿನಿಂದ ಸ್ಟ್ರೆಪ್ಟೊಮೈಸಿನ್ ಸಿಕ್ಕಿತು. ಕ್ಷಯಕ್ಕೆ ಸರಿಯಾಗಿ ಕೆಲಸ ಮಾಡಿದ ಮೊದಲ ಆ್ಯಂಟಿಬಯಾಟಿಕ್ ಅದು. ಪ್ರಪಂಚದಲ್ಲಿ ಅತಿ ಹೆಚ್ಚು ಕ್ಷಯ ರೋಗಿಗಳಿರುವ ದೇಶ ನಮ್ಮದು. ಅಂಥ ಔಷಧಿಯನ್ನು ಎಲೆಗೆ, ಮಣ್ಣಿಗೆ, ಚರಂಡಿಗೆ ಮತ್ತೆ ಮತ್ತೆ ಸುರಿದರೆ, ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಉಳಿದು ಬೆಳೆಯುತ್ತವೆ. ಆ ಶಕ್ತಿ ಒಂದರಿಂದ ಇನ್ನೊಂದಕ್ಕೆ ದಾಟುತ್ತೆ. ಈ ಕಾರಣಕ್ಕೇ ಕೇಂದ್ರ ಸರ್ಕಾರ 2021ರ ಡಿಸೆಂಬರಿನಲ್ಲಿ ಕೃಷಿಯಲ್ಲಿ ಈ ಎರಡು ಆ್ಯಂಟಿಬಯಾಟಿಕ್‌ಗಳನ್ನು ಹಂತ ಹಂತವಾಗಿ ನಿಲ್ಲಿಸುವ ಕರಡು ಆದೇಶ ಹೊರಡಿಸಿತು.

ರೈತನ ಸಂಕಟ ಬೇರೆ. ಸಾಲ ಮಾಡಿ ಬೆಳೆಸಿದ ಐದೆಕರೆ ದಾಳಿಂಬೆ ಕಣ್ಣೆದುರು ಕಪ್ಪಾಗುವಾಗ ಕೈಗೆ ಸಿಕ್ಕಿದ್ದನ್ನು ಹೊಡೆದವರನ್ನು ಬೆರಳು ತೋರಿಸಿ ಬೈಯುವ ಹಕ್ಕು ಬಾಲ್ಕನಿಯಲ್ಲಿ ಕೂತ ನಮಗಿಲ್ಲ. ಆದರೆ ಹೂವಿನ ಗಿಡ ಒಂದಕ್ಕೆ ಕ್ಷಯದ ಔಷಧಿ ಹೊಡೆಯೋದಕ್ಕೆ ನನಗೆ ಯಾವ ಸಮರ್ಥನೆಯೂ ಕಾಣಲ್ಲ. ಮನೆಯಲ್ಲಿ ಉಳಿದ ಆ್ಯಂಟಿಬಯಾಟಿಕ್ ಕ್ಯಾಪ್ಸೂಲ್ ಬಿಡಿಸಿ ನೀರಿಗೆ ಹಾಕೋದೂ ಬೇಡವೇ ಬೇಡ. ಕಾಂಡಕ್ಕೆ ರೋಗ ಇಳಿದ ಗಿಡವನ್ನು ಎಸೆಯಿರಿ. ಬೇಜಾರಾಗುತ್ತೆ, ನಿಜ. ಮಣ್ಣೂ ಎಸೆಯಿರಿ. ಕುಂಡವನ್ನು ಸೋಪಿನಲ್ಲಿ ತೊಳೆದು, ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ ಅದರಲ್ಲಿ ಹತ್ತು ನಿಮಿಷ ನೆನೆಸಿ, ಬಿಸಿಲಿಗೆ ಇಡಿ. ನಮ್ಮೂರಲ್ಲಿ ಬಿಸಿಲಿಗೇನೂ ಕೊರತೆ ಇಲ್ಲ.

ಕೊಳ್ಳುವಾಗ, ಕೊಡುವಾಗ

ಈಗೀಗ ವರಮಹಾಲಕ್ಷ್ಮಿ ಹಬ್ಬಕ್ಕೆ ತಾಂಬೂಲದ ಜೊತೆ ಸಣ್ಣ ಗಿಡ ಕೊಡುವ ಪದ್ಧತಿ ಬಂದಿದೆ. ಒಳ್ಳೇದೇ. ಆದರೆ ಹಬ್ಬ ಬರೋದು ಶ್ರಾವಣದಲ್ಲಿ, ಎಲೆ ರೋಗದ ನಡುಗಾಲದಲ್ಲಿ. ಒಂದು ರೋಗದ ತಾಯಿ ಗಿಡದಿಂದ ಇಪ್ಪತ್ತು ಕಡ್ಡಿ ಮುರಿದು ನೆಟ್ಟರೆ ಇಪ್ಪತ್ತು ಮನೆಗೆ ರೋಗ ಕೊಟ್ಟ ಹಾಗೆ. ತಾಯಿ ಗಿಡದಲ್ಲಿ ಒಂದು ಚುಕ್ಕೆ ಕಂಡಿದ್ದರೂ ಆ ವರ್ಷ ಅದರಿಂದ ಕಡ್ಡಿ ತೆಗೆಯಬೇಡಿ. “ಅಕ್ಕಾ, ಒಂದು ಟೊಂಗೆ ಕೊಡ್ರೀ” ಅಂತ ಪಕ್ಕದ ಮನೆಯವರು ಕೇಳಿದರೂ, “ಬೇಸಿಗೆ ಮುಂಚೆ ಕೊಡ್ತೀನಮ್ಮಾ” ಅನ್ನಿ.

ನರ್ಸರಿಯಲ್ಲಿ ಹೂ ನೋಡಿ ಮರುಳಾಗೋ ಮುಂಚೆ ಎರಡು ಎಲೆ ಮಗುಚಿ ನೋಡಿ. ಒಂದೇ ಸಾಲಲ್ಲಿ ಪಕ್ಕದ ಗಿಡಕ್ಕೆ ಚುಕ್ಕೆ ಇದ್ದರೆ, ನಿಮ್ಮ ಕೈಯಲ್ಲಿರುವುದು ಎಷ್ಟೇ ಚೆನ್ನಾಗಿದ್ದರೂ ಇಟ್ಟು ಬನ್ನಿ. ಆನ್‌ಲೈನ್‌ನಲ್ಲಿ ತರಿಸಿದ ಗಿಡ ಮೂರ್ನಾಲ್ಕು ದಿನ ಮುಚ್ಚಿದ ಡಬ್ಬಿಯಲ್ಲಿ ಬೆವರಿ ಬಂದಿರುತ್ತೆ. ಅದನ್ನು ಮೂರು ವಾರ ಉಳಿದ ಗಿಡಗಳಿಂದ ದೂರ ಇಡಿ. ಸೋಂಕು ಇದ್ದರೂ ಚುಕ್ಕೆ ಕಾಣೋಕೆ ಒಂದೆರಡು ವಾರ ಬೇಕಾಗುತ್ತೆ. ದೊಡ್ಡ ದೊಡ್ಡ ಗುಲಾಬಿಯಂಥ ಹೂ ಬಿಡುವ ರೀಗರ್ ಬಗೆ ಈ ರೋಗಕ್ಕೆ ತುಂಬಾ ಸೂಕ್ಷ್ಮ, ನಮ್ಮ ಸೆಕೆಯನ್ನೂ ತಡೆಯಲ್ಲ. ಮೇಣ ಹಚ್ಚಿದಂಥ ಸಣ್ಣ ಎಲೆಯ ವ್ಯಾಕ್ಸ್ ಬಿಗೋನಿಯಾ ಅದಕ್ಕಿಂತ ಗಟ್ಟಿ. ಹೊಸಪೇಟೆಯಲ್ಲಿ ಮೊದಲ ಸಲ ಬೆಳೆಸುವವರು ಅದರಿಂದ ಶುರು ಮಾಡಿ, ಅದೂ ನವೆಂಬರಿನಲ್ಲಿ, ಮಳೆ ನಿಂತು ಗಾಳಿ ಒಣಗಿದ ಮೇಲೆ.

ಅನುಮಾನ ಇದ್ದರೆ ಬಳ್ಳಾರಿ ಹತ್ತಿರದ ಹಗರಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ತಾಲ್ಲೂಕಿನ ತೋಟಗಾರಿಕೆ ಇಲಾಖೆ ಇದೆ. ಕುಂಡದ ಗಿಡ ಅಂತ ಸಂಕೋಚ ಪಡಬೇಡಿ. ಎಲೆಯನ್ನು ಒದ್ದೆ ಮಾಡದೆ, ಪೇಪರಿನ ನಡುವೆ ಇಟ್ಟು ಕವರಿನಲ್ಲಿ ಒಯ್ಯಿರಿ. ನಮ್ಮ ಓದುಗರ ಅಂಕಣಕ್ಕೆ ಫೋಟೊ ಕಳಿಸುವುದಾದರೆ ಮೂರು ಕಳಿಸಿ: ಇಡೀ ಗಿಡದ್ದು, ಎಲೆಯ ಮೇಲ್ಭಾಗದ್ದು, ಕಿಟಕಿಯ ಬೆಳಕಿಗೆ ಹಿಡಿದ ಹಿಂಬದಿಯದ್ದು. ಜೊತೆಗೆ ನೀರು ಯಾವ ಹೊತ್ತಿಗೆ, ಹೇಗೆ ಹಾಕ್ತೀರಿ ಅಂತ ಒಂದು ಸಾಲು ಬರೀರಿ. ಫಿಲ್ಟರ್ ಹಾಕಬೇಡಿ, ಹಳದಿ ಉಂಗುರ ಮಾಯವಾಗಿಬಿಡುತ್ತೆ.